ಡ್ರೈನ್ ಬಾಟಲಿಯಲ್ಲಿ ಹಾಲು: ಕುತ್ತಿಗೆಯ ದುಗ್ಧನಾಳ ಸೋರಿದ ಒಂದು ಪ್ರಕರಣ

ಆಪರೇಷನ್ ಆದ ಎರಡನೇ ದಿನ, ಬೆಳಗಿನ ಆರು ಗಂಟೆಗೆ ರಾತ್ರಿ ಪಾಳಿಯ ನರ್ಸ್ ಫೋನ್ ಮಾಡಿದರು. "ಡಾಕ್ಟ್ರೇ, ಡ್ರೈನಲ್ಲಿ ಹಾಲು ಬರ್ತಿದೆ." ಡ್ರೈನ್ ಅಂದರೆ ಗಾಯದೊಳಗಿನ ದ್ರವವನ್ನು ಬಾಟಲಿಗೆ ಹೀರುವ ಕೊಳವೆ. ನಿದ್ದೆಗಣ್ಣಲ್ಲೇ ನಾನು ಕೇಳಿದ ಮೊದಲ ಪ್ರಶ್ನೆ, "ನಿನ್ನೆ ರಾತ್ರಿ ಊಟಕ್ಕೆ ಏನು ಕೊಟ್ಟಿದ್ರಿ?"

ಕುತ್ತಿಗೆಯ ಗಾಯಕ್ಕೂ ರಾತ್ರಿಯ ಊಟಕ್ಕೂ ಎಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನ್ನಿಸಬೇಕು. ಆ ಸಂಬಂಧವನ್ನು ಬಿಡಿಸಿ ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಒಬ್ಬರೇ ರೋಗಿಯ ಕಥೆಯಲ್ಲ. ಇಂಥ ಸೋರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಟ್ಟು ಹೆಣೆದು, ವಯಸ್ಸು ಮತ್ತು ಅಂಕಿಗಳನ್ನು ಪಾಠಕ್ಕೆ ತಕ್ಕಂತೆ ಹೊಂದಿಸಿದ್ದೇನೆ. ದೇಹ ನಡೆದುಕೊಳ್ಳುವ ರೀತಿಯನ್ನು ಮಾತ್ರ ಇದ್ದದ್ದು ಇದ್ದಂತೆಯೇ ಇಟ್ಟಿದ್ದೇನೆ.

ರೋಗಿ 54 ವರ್ಷದ ಗಂಡಸು. ಥೈರಾಯ್ಡಿನ ಪ್ಯಾಪಿಲರಿ ಕ್ಯಾನ್ಸರ್ ಎಡ ಕುತ್ತಿಗೆಯ ಲಿಂಫ್ ನೋಡ್‌ಗಳಿಗೆ, ಅಂದರೆ ದುಗ್ಧಗ್ರಂಥಿಗಳಿಗೆ, ಹಬ್ಬಿತ್ತು. ಥೈರಾಯ್ಡನ್ನು ಪೂರ್ತಿ ತೆಗೆದು, ಎಡಭಾಗದ ನೋಡ್‌ಗಳನ್ನು ಕಿವಿಯ ಕೆಳಗಿನಿಂದ ಕೊರಳೆಲುಬಿನವರೆಗೆ ಬಿಡಿಸಿದ್ದರು. ಆಪರೇಷನ್ ಸಲೀಸಾಗಿ ನಡೆದಿತ್ತು. ಮೊದಲ 24 ಗಂಟೆಯಲ್ಲಿ ಡ್ರೈನಿಗೆ ಬಂದದ್ದು 90 ಎಂಎಲ್, ಮಾಂಸ ತೊಳೆದ ನೀರಿನ ಬಣ್ಣದ್ದು. ಅಷ್ಟು ಬರುವುದು ಸಹಜ. ಮರುದಿನ ಸಂಜೆ ಮೆತ್ತನೆಯ ಊಟ ಮಾಡಿ, ಮಲಗುವ ಮುನ್ನ ಒಂದು ದೊಡ್ಡ ಲೋಟ ಹಾಲು ಕುಡಿದಿದ್ದಾರೆ. ಬೆಳಗಾಗುವಷ್ಟರಲ್ಲಿ ಬಾಟಲಿಯಲ್ಲಿ 430 ಎಂಎಲ್.

ನಾನು ಹೋಗಿ ನೋಡಿದಾಗ ಬಾಟಲಿಯೊಳಗಿನದು ನಸುಗೆಂಪು ಛಾಯೆಯ ಬಿಳಿ, ಹಾಲಿಗೆ ಒಂದೆರಡು ಹನಿ ರಕ್ತ ಬೆರೆಸಿದಂತೆ. ಓರೆ ಮಾಡಿದರೆ ಪ್ಲಾಸ್ಟಿಕ್ಕಿನ ಗೋಡೆಗೆ ತೆಳ್ಳಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಕೀವೇ ಎಂಬ ಅನುಮಾನ ಮನೆಯವರದು. ಕೀವಿಗೆ ವಾಸನೆ ಇರುತ್ತದೆ, ಜ್ವರ ಇರುತ್ತದೆ, ಗಾಯ ಕೆಂಪಗಾಗಿ ಬಿಸಿಯಾಗಿರುತ್ತದೆ. ಇಲ್ಲಿ ಯಾವುದೂ ಇರಲಿಲ್ಲ. ಎರಡು ಟೆಸ್ಟ್ ಟ್ಯೂಬ್ ತುಂಬಿಸಿಕೊಂಡೆ. ಒಂದು ಲ್ಯಾಬಿಗೆ ಹೋಯಿತು. ಇನ್ನೊಂದನ್ನು ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಹಳೇ ಕಾಲದ ಪರೀಕ್ಷೆ, ಖರ್ಚಿಲ್ಲದ್ದು.

ಲ್ಯಾಬಿನ ಉತ್ತರ ಮಧ್ಯಾಹ್ನ ಬಂತು. ದ್ರವದ ಟ್ರೈಗ್ಲಿಸರೈಡ್, ಅಂದರೆ ಕೊಬ್ಬಿನಂಶ, ಡೆಸಿಲೀಟರಿಗೆ 640 ಮಿಲಿಗ್ರಾಂ. ಅದೇ ಹೊತ್ತಿಗೆ ತೆಗೆದ ರಕ್ತದಲ್ಲಿ 128. ಡ್ರೈನಿನ ದ್ರವದಲ್ಲಿ 100 ದಾಟಿದರೆ, ಅಥವಾ ರಕ್ತಕ್ಕಿಂತ ಹೆಚ್ಚಿದ್ದರೆ, ಅದು ಕೈಲ್, ಅಂದರೆ ಕರುಳಿನಿಂದ ಕೊಬ್ಬು ಹೊತ್ತು ಬಂದ ದುಗ್ಧರಸ (ಲಿಂಫ್). ಮರುದಿನ ಫ್ರಿಜ್ಜಿನ ಟ್ಯೂಬ್ ತೆಗೆದು ನೋಡಿದರೆ ಮೇಲೆ ಅರ್ಧ ಬೆರಳು ಕೆನೆ ಕಟ್ಟಿತ್ತು. ವಿದ್ಯಾರ್ಥಿಗಳಿಗೆ ತೋರಿಸಿದ್ದು ಲ್ಯಾಬ್ ರಿಪೋರ್ಟನ್ನಲ್ಲ, ಆ ಟ್ಯೂಬನ್ನು.

ಕುತ್ತಿಗೆಗೆ ಹಾಲು ಬಂದ ದಾರಿ

ತಿಂದ ಸಕ್ಕರೆ, ಪ್ರೋಟೀನು ಕರುಳಿನ ರಕ್ತನಾಳ ಸೇರಿ ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬು ಹಾಗೆ ಹೋಗುವುದಿಲ್ಲ. ಕರುಳಿನ ಗೋಡೆಯ ಜೀವಕೋಶಗಳು ಅದನ್ನು ಪ್ರೋಟೀನ್ ಹೊದಿಕೆಯ ಸಣ್ಣ ಸಣ್ಣ ಉಂಡೆಗಳಾಗಿ ಕಟ್ಟುತ್ತವೆ. ಇವೇ ಕೈಲೋಮೈಕ್ರಾನ್‌ಗಳು. ಸಣ್ಣವೆಂದರೂ ರಕ್ತದ ಲೋಮನಾಳದ, ಅಂದರೆ ತೀರಾ ಸಣ್ಣ ರಕ್ತನಾಳದ, ಗೋಡೆಯನ್ನು ತೂರಲಾರದಷ್ಟು ದೊಡ್ಡವು. ಹಾಗಾಗಿ ಕರುಳಿನ ಪ್ರತಿಯೊಂದು ವಿಲ್ಲಸ್ಸಿನ, ಅಂದರೆ ಬೆರಳಿನಂಥ ಚಾಚಿನ, ನಟ್ಟ ನಡುವೆ ಒಂದು ದುಗ್ಧನಾಳ ಕಾದು ಕೂತಿರುತ್ತದೆ. ಅದರ ಗೋಡೆ ಸಡಿಲ. ಉಂಡೆಗಳು ಒಳಗೆ ಜಾರುತ್ತವೆ. ಅಲ್ಲಿಂದ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಸಾಲಿನಲ್ಲಿ ಸೊಂಟಭಾಗದ ಮೊದಲೆರಡು ಮೂಳೆಗಳ ಎದುರು ಇರುವ ಒಂದು ಚೀಲದಂಥ ಜಾಗಕ್ಕೆ. ಕಾಲುಗಳಿಂದ ಬಂದ ದುಗ್ಧರಸವೂ ಅಲ್ಲೇ ಕೂಡಿಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಹೊರಡುವುದೇ ಎದೆಯ ಮಹಾ ದುಗ್ಧನಾಳ, ಥೊರಾಸಿಕ್ ಡಕ್ಟ್.

ಈ ನಾಳದ ಉದ್ದ 38ರಿಂದ 45 ಸೆಂಟಿಮೀಟರ್, ಅಗಲ ಕೆಲವೇ ಮಿಲಿಮೀಟರ್. ಮಹಾಪಧಮನಿಯ ಜತೆಗೇ ವಪೆಯನ್ನು, ಅಂದರೆ ಹೊಟ್ಟೆ ಮತ್ತು ಎದೆಯ ನಡುವಿನ ಸ್ನಾಯುಪರೆಯನ್ನು, ದಾಟಿ, ಎದೆಯಲ್ಲಿ ಮೊದಲು ಬಲಕ್ಕಿದ್ದು, ಐದನೇ ಎದೆಮೂಳೆಯ ಮಟ್ಟದ ಆಸುಪಾಸಿನಲ್ಲಿ ಎಡಕ್ಕೆ ಹೊರಳಿ, ಕುತ್ತಿಗೆಗೆ ಹತ್ತಿ, ಕೊರಳೆಲುಬಿಗಿಂತ ಒಂದಿಷ್ಟು ಮೇಲಕ್ಕೆ ಕಮಾನು ಕಟ್ಟಿ ಇಳಿದು, ಕುತ್ತಿಗೆಯ ಅಭಿಧಮನಿಯೂ ತೋಳಿನ ಅಭಿಧಮನಿಯೂ ಕೂಡುವ ಮೂಲೆಯಲ್ಲಿ ರಕ್ತಕ್ಕೆ ಸುರಿಯುತ್ತದೆ. ಎರಡೂ ಕಾಲು, ಹೊಟ್ಟೆ, ಎಡಗೈ, ತಲೆಯ ಎಡಭಾಗ, ಎಲ್ಲದರ ದುಗ್ಧರಸವೂ ಆ ಒಂದು ಮೂಲೆಗೇ. ಬಲಗೈ, ತಲೆಯ ಬಲಭಾಗ ಮತ್ತು ಎದೆಯ ಬಲಭಾಗಕ್ಕೆ ಮಾತ್ರ ಬಲಗಡೆ ಬೇರೆ ಪುಟ್ಟ ನಾಳವಿದೆ. ಈ ಅಸಮ ಪಾಲುಪಟ್ಟಿಯಿಂದಲೇ ಹೊಟ್ಟೆಯ ಕ್ಯಾನ್ಸರ್ ಕೆಲವೊಮ್ಮೆ ಎಡ ಕೊರಳೆಲುಬಿನ ಮೇಲಿನ ಗಂಟಾಗಿ ಮೊದಲು ಕಾಣಿಸಿಕೊಳ್ಳುವುದು. ವಿರ್ಕೋ ನೋಡ್ ಎಂದು ಅದಕ್ಕೆ ಹೆಸರು. ಕುತ್ತಿಗೆಯ ಕೈಲ್ ಸೋರಿಕೆಗಳಲ್ಲಿ ಹೆಚ್ಚಿನವು ಎಡಗಡೆಯೇ ಆಗುವುದೂ ಇದೇ ಕಾರಣಕ್ಕೆ.

ಹಾಗಾದರೆ ಆಪರೇಷನ್ ಟೇಬಲ್ಲಿನ ಮೇಲೇ ಇದು ಕಾಣಬೇಡವೇ? ರೋಗಿ ಹಿಂದಿನ ರಾತ್ರಿಯಿಂದ ಉಪವಾಸ. ಕರುಳಿನಲ್ಲಿ ಕೊಬ್ಬಿಲ್ಲದಿದ್ದಾಗ ಆ ನಾಳದಲ್ಲಿ ಹರಿಯುವುದು ನೀರಿನಷ್ಟು ತಿಳಿಯಾದ ದ್ರವ, ಹರಿವೂ ಕಡಿಮೆ. ಗೋಡೆಯೋ ಈರುಳ್ಳಿ ಪೊರೆಯಷ್ಟು ತೆಳು, ಸುತ್ತಲಿನ ಕೊಬ್ಬಿನ ಬಣ್ಣದ್ದೇ. ಗಾಯ ಮುಚ್ಚುವ ಮೊದಲು ಅರಿವಳಿಕೆ ತಜ್ಞರು ಶ್ವಾಸಕೋಶದಲ್ಲಿ ಒತ್ತಡ ಹಿಡಿದು, ತಲೆಯ ಕಡೆ ತಗ್ಗಿಸಿ ನೋಡಿದ್ದರು. ಏನೂ ಒಸರಲಿಲ್ಲ. ಅದೂ ಅಲ್ಲದೆ ಈ ನಾಳ ಪುಸ್ತಕದ ಚಿತ್ರದಲ್ಲಿರುವಂತೆ ಒಂದೇ ಬಾಯಿಯಾಗಿ ಕೊನೆಗೊಳ್ಳಬೇಕೆಂದಿಲ್ಲ. ಎರಡು ಮೂರು ಕವಲಾಗಿ ಒಡೆದು ಸೇರುವವರೂ ಇದ್ದಾರೆ. ಒಂದನ್ನು ಕಟ್ಟಿದರೆ ಇನ್ನೊಂದು ಉಳಿದಿರುತ್ತದೆ. ಸೋರಿದರೆ ಸರ್ಜನ್ ಅಜಾಗರೂಕ ಎಂದು ತೀರ್ಪು ಕೊಡುವವರಿಗೆ ನಾನು ಈ ಕವಲುಗಳನ್ನು ತೋರಿಸುತ್ತೇನೆ.

ಕೊಬ್ಬು ತಿಂದಾಗ ಮಾತ್ರ ಕಾಣಿಸಿಕೊಳ್ಳುವ ಈ ಗುಣವೇ ದುಗ್ಧನಾಳಗಳು ಪತ್ತೆಯಾದ ಕಥೆಯ ಜೀವಾಳ. 1622ರ ಜುಲೈನಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ಒಂದು ನಾಯಿಯ ಹೊಟ್ಟೆ ಬಿಚ್ಚಿದಾಗ ಕರುಳಿನ ಪರೆಯ ತುಂಬ ಬಿಳಿಯ ಎಳೆಗಳು ಕಂಡವು. ನರಗಳಿರಬೇಕು ಅಂದುಕೊಂಡು ಒಂದನ್ನು ಕೊಯ್ದರೆ ಹಾಲಿನಂಥ ದ್ರವ ಚಿಮ್ಮಿತು. ಇನ್ನೊಂದು ನಾಯಿಯಲ್ಲಿ ಹುಡುಕಿದರೆ ಒಂದೂ ಇಲ್ಲ. ಅದಕ್ಕೆ ಊಟ ಹಾಕಿರಲಿಲ್ಲ. ಆ ಎಳೆಗಳು ಯಕೃತ್ತಿಗೆ ಹೋಗುತ್ತವೆಂದೇ ಅವನು ನಂಬಿದ್ದ. ಅವು ಎದೆಯ ನಾಳ ಹತ್ತಿ ಕುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತವೆ ಎಂದು ಫ್ರಾನ್ಸಿನ ಜ್ಯಾನ್ ಪೆಕೆ 1651ರಲ್ಲಿ ತೋರಿಸಿದ. ನಮ್ಮ ಕನ್ನಡದ ಹೆಸರನ್ನೇ ನೋಡಿ. ದುಗ್ಧ ಎಂದರೆ ಹಾಲು. ಯೂರೋಪಿನವರ 'ಲಿಂಫ್' ಬಂದಿರುವುದು ತಿಳಿನೀರು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಒಂದೇ ದ್ರವಕ್ಕೆ ಒಂದು ಭಾಷೆ ಉಂಡ ಹೊಟ್ಟೆ ನೋಡಿ ಹೆಸರಿಟ್ಟಿತು, ಇನ್ನೊಂದು ಉಪವಾಸದ ಹೊಟ್ಟೆ ನೋಡಿ.

ಕೊಬ್ಬು ನಿಲ್ಲಿಸಿದ ಮೇಲೆ

ಊಟದಿಂದ ಕೊಬ್ಬನ್ನು ಪೂರ್ತಿ ತೆಗೆಸಿದೆವು. ತಲೆಯ ಕಡೆ ಮಂಚ ಎತ್ತರಿಸಿದೆವು. ಮುಕ್ಕಿದರೆ ಎದೆಯ ಒತ್ತಡ ಏರುತ್ತದೆಂದು ಮಲ ಮೆದುವಾಗುವ ಔಷಧ ಕೊಟ್ಟೆವು. ಗಾಯದ ಮೇಲೆ ಬಿಗಿಯಾದ ಪಟ್ಟಿ ಕಟ್ಟಬೇಕೇ ಬೇಡವೇ ಎಂಬುದರಲ್ಲಿ ಎರಡು ಪಂಗಡಗಳಿವೆ. ಚರ್ಮದ ರಕ್ತ ಸಂಚಾರ ಕೆಡಬಹುದೆಂಬ ಅಂಜಿಕೆಯಿಂದ ನಾವು ಕಟ್ಟಲಿಲ್ಲ. ಡ್ರೈನಿನ ಹೀರುವಿಕೆ ಜೋರಾಗಿದ್ದರೆ ತೂತು ಮುಚ್ಚಿಕೊಳ್ಳಲು ಬಿಡುವುದಿಲ್ಲವೆಂದು ಅದನ್ನು ತಗ್ಗಿಸಿದೆವು.

ಮೂರನೇ ದಿನ 280 ಎಂಎಲ್, ನಾಲ್ಕನೇ ದಿನ 190. ಬಣ್ಣವೂ ಬಿಳಿಯಿಂದ ಒಣಹುಲ್ಲಿನ ಹಳದಿಗೆ ತಿರುಗಿತು. ಮನೆಯವರಿಗೆ ಸಮಾಧಾನ. ಹೊಸ ಡಾಕ್ಟರರೊಬ್ಬರು ಕೈಲ್ ನಿಂತಿತೆಂದೇ ಕೇಸ್ ಶೀಟಿನಲ್ಲಿ ಬರೆದರು. ನಾನು ಅದನ್ನು ಹೊಡೆದು ಹಾಕಿದೆ. ನಿಂತಿದ್ದು ಕೊಬ್ಬು, ಸೋರಿಕೆ ನಿಂತಿರಲಿಲ್ಲ. 190 ಎಂಎಲ್ ಹಳದಿ ದ್ರವವೂ ಅದೇ ತೂತಿನಿಂದ ಬಂದದ್ದು. ಈ ಹಂತದಲ್ಲಿ ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿದರೆ ನಾರ್ಮಲ್ ಬಂದು ದಾರಿ ತಪ್ಪಿಸುತ್ತದೆ.

ಆ ಹಳದಿ ದ್ರವ ಎಲ್ಲಿಯದು? ದೇಹದ ಮೂಲೆಮೂಲೆಯಲ್ಲಿ ರಕ್ತದ ಲೋಮನಾಳಗಳು ಸದಾ ಒಸರುತ್ತಿರುತ್ತವೆ. ನೀರು, ಉಪ್ಪು, ಜತೆಗೆ ಒಂದಿಷ್ಟು ಪ್ರೋಟೀನು ಜೀವಕೋಶಗಳ ನಡುವಿನ ಸಂದಿಗೆ ಬರುತ್ತದೆ. ನಾವೆಲ್ಲ ಕಾಲೇಜಿನಲ್ಲಿ ಕಲಿತದ್ದು, ಲೋಮನಾಳದ ಒಂದು ತುದಿಯಲ್ಲಿ ಹೊರಬಂದದ್ದರಲ್ಲಿ ಬಹುಪಾಲು ಇನ್ನೊಂದು ತುದಿಯಲ್ಲಿ ವಾಪಸು ಒಳಗೆ ಹೋಗುತ್ತದೆ, ಉಳಿದ ಚಿಲ್ಲರೆ ಮಾತ್ರ ದುಗ್ಧನಾಳಕ್ಕೆ ಎಂದು. 1896ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ ಹಾಕಿಕೊಟ್ಟ ಲೆಕ್ಕಾಚಾರವನ್ನು ಪಠ್ಯಪುಸ್ತಕಗಳು ಹಾಗೆ ಸರಳಗೊಳಿಸಿದವು. ಲೋಮನಾಳದ ಒಳಗೋಡೆಗೆ ಗ್ಲೈಕೋಕ್ಯಾಲಿಕ್ಸ್ ಎಂಬ ಲೋಳೆಯಂಥ ಲೇಪವಿರುವುದು ಅರ್ಥವಾದ ಮೇಲೆ ಚಿತ್ರ ಬದಲಾಗಿದೆ. ಬಹುತೇಕ ಅಂಗಾಂಶಗಳಲ್ಲಿ ಹೊರಬಂದದ್ದು ರಕ್ತನಾಳಕ್ಕೆ ನೇರವಾಗಿ ಮರಳುವುದಿಲ್ಲ; ದುಗ್ಧನಾಳವೇ ಅದರ ವಾಪಸು ದಾರಿ. ಕರುಳು, ಮೂತ್ರಪಿಂಡ, ಲಿಂಫ್ ನೋಡ್‌ನಂಥವು ಇದಕ್ಕೆ ಹೊರತು. ಚಿಲ್ಲರೆ ಕೆಲಸದವನೆಂದು ಮೂಲೆಯಲ್ಲಿ ಕೂರಿಸಿದ್ದವನೇ ಮನೆ ನಡೆಸುತ್ತಿದ್ದ ಎಂದು ಗೊತ್ತಾದಂತೆ.

ಥೊರಾಸಿಕ್ ಡಕ್ಟಿನಲ್ಲಿ ದಿನಕ್ಕೆ 2ರಿಂದ 4 ಲೀಟರಿನಷ್ಟು ಹರಿಯುತ್ತದೆ. ರಕ್ತದ ಪ್ಲಾಸ್ಮಾ ಒಟ್ಟಿಗೇ ಸುಮಾರು 3 ಲೀಟರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮ ರೋಗಿಯ ಬಾಟಲಿಗೆ ಬಂದದ್ದು 430 ಮಾತ್ರ. ಹಾಗಾಗಿ ಮುಖ್ಯ ನಾಳ ತುಂಡಾಗಿಲ್ಲ, ಒಂದು ಕವಲೋ ಪಕ್ಕದ ತೂತೋ ಇರಬೇಕೆಂದು ಲೆಕ್ಕ ಹಾಕಿದ್ದೆವು.

ಹೃದಯದಂಥ ಪಂಪಿಲ್ಲದೆ ಇಷ್ಟು ದ್ರವ ಮೇಲೇರುವುದು ಹೇಗೆ ಎಂಬ ಪ್ರಶ್ನೆಯನ್ನು ರೋಗಿಯೇ ಕೇಳಿದರು. ಮಂಚದ ತಲೆಭಾಗ ಎತ್ತರಿಸಿದ್ದೇಕೆ ಎಂದು ವಿವರಿಸುತ್ತಿದ್ದೆ. ಪಂಪಿಲ್ಲ ಎಂಬುದೇ ಅರ್ಧ ಸುಳ್ಳು. ತೀರಾ ಸಣ್ಣ ದುಗ್ಧನಾಳಗಳಿಗೆ ಸ್ನಾಯು ಇಲ್ಲ ನಿಜ. ಅವುಗಳ ಗೋಡೆಯ ಕೋಶಗಳು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ, ಸುತ್ತಲಿನ ಅಂಗಾಂಶಕ್ಕೆ ನವಿರಾದ ಎಳೆಗಳಿಂದ ಕಟ್ಟಿಸಿಕೊಂಡಿರುತ್ತವೆ. ಜಾಗ ಊದಿದಷ್ಟೂ ಎಳೆಗಳು ಜಗ್ಗಿ ಹೆಂಚುಗಳ ಸಂದು ತೆರೆಯುತ್ತದೆ. ಆದರೆ ಅವು ಕೂಡಿ ದೊಡ್ಡದಾದ ನಾಳಗಳಲ್ಲಿ ಒಂದು ಕವಾಟದಿಂದ ಇನ್ನೊಂದು ಕವಾಟದವರೆಗಿನ ಪ್ರತಿಯೊಂದು ತುಂಡೂ ನಿಮಿಷಕ್ಕೆ ಹಲವು ಬಾರಿ ತಾನೇ ಹಿಂಡಿಕೊಳ್ಳುತ್ತದೆ. ಸಾಲಾಗಿ ಜೋಡಿಸಿಟ್ಟ ನೂರಾರು ಪುಟ್ಟ ಹೃದಯಗಳು. ನಡೆದಾಡುವಾಗ ಮೀನಖಂಡದ ಸ್ನಾಯು, ಉಸಿರೆಳೆದಾಗ ಎದೆಗೂಡು, ಪಕ್ಕದ ಮಹಾಪಧಮನಿಯ ಮಿಡಿತ, ಇವೆಲ್ಲ ಅದಕ್ಕೆ ಕೈಜೋಡಿಸುತ್ತವೆ. ಲಿಂಫ್ ಶುದ್ಧಿ ಮಾಡುತ್ತೇವೆಂದು ಎಣ್ಣೆ, ಕಷಾಯ ಮಾರುವವರ ಕಷಾಯಕ್ಕೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಐದನೇ ದಿನ

ಐದನೇ ದಿನ ಬೆಳಗ್ಗೆ ಬಾಟಲಿ ಮತ್ತೆ ಬೆಳ್ಳಗಿತ್ತು. 510 ಎಂಎಲ್. ಹೊಲಿಗೆ ಬಿಟ್ಟಿತೇ, ತೂತು ದೊಡ್ಡದಾಯಿತೇ ಎಂದು ಎಲ್ಲರಿಗೂ ಗಾಬರಿ. ಮರು ಆಪರೇಷನ್ ಮಾತೂ ಬಂತು. ನಾನು ಮತ್ತೆ ಅದೇ ಹಳೇ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಮಗ ಹೇಳಿದ, ಎರಡು ಹೊತ್ತು ಎರಡೆರಡು ಚಮಚ ಕೊಬ್ಬರಿ ಎಣ್ಣೆ ಕುಡಿಸಿದ್ದನಂತೆ.

ಅವನದು ತಪ್ಪು ಅನ್ನುವುದಕ್ಕಿಂತ ಅರ್ಧ ಸರಿ ಅನ್ನಬೇಕು. ಪಥ್ಯ ತಜ್ಞರು ಎಂಸಿಟಿ ಎಣ್ಣೆ ತರಿಸಲು ಹೇಳಿದ್ದರು. ಮಧ್ಯಮ ಉದ್ದದ ಸರಪಳಿಯ ಕೊಬ್ಬು ಅದು. 8 ಮತ್ತು 10 ಕಾರ್ಬನ್ನಿನ ಈ ಗಿಡ್ಡ ಆಮ್ಲಗಳನ್ನು ಕರುಳು ಉಂಡೆ ಕಟ್ಟುವುದಿಲ್ಲ. ಸಕ್ಕರೆಯಂತೆ ನೇರವಾಗಿ ರಕ್ತಕ್ಕೆ ಬಿಟ್ಟು ಯಕೃತ್ತಿಗೆ ಕಳಿಸುತ್ತದೆ. ದುಗ್ಧನಾಳದ ಮುಖ ನೋಡದೆ ಕ್ಯಾಲರಿ ಒದಗಿಸಲು ಇದೊಂದು ಒಳದಾರಿ. ಮಗ ಹುಡುಕಿದಾಗ ಕೊಬ್ಬರಿ ಎಣ್ಣೆಯಲ್ಲಿ ಎಂಸಿಟಿ ಹೇರಳ ಎಂದು ಎಲ್ಲೋ ಸಿಕ್ಕಿದೆ. ಆ ಲೆಕ್ಕದಲ್ಲಿ ಮಧ್ಯಮ ಎಂದು ಸೇರಿಸುವುದು 12 ಕಾರ್ಬನ್ನಿನ ಲಾರಿಕ್ ಆಮ್ಲವನ್ನು. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಅದೇ. ಆದರೆ ಕರುಳಿಗೆ ರಸಾಯನಶಾಸ್ತ್ರದ ವರ್ಗೀಕರಣ ಗೊತ್ತಿಲ್ಲ. ಲಾರಿಕ್ ಆಮ್ಲದ ಗಣನೀಯ ಪಾಲನ್ನು ಅದು ದೊಡ್ಡ ಕೊಬ್ಬಿನಂತೆಯೇ ಉಂಡೆ ಕಟ್ಟಿ ದುಗ್ಧನಾಳಕ್ಕೆ ತಳ್ಳುತ್ತದೆ. ಅದರ ಜತೆ ಇನ್ನೂ ಉದ್ದದ ಮಿರಿಸ್ಟಿಕ್, ಪಾಮಿಟಿಕ್, ಓಲಿಯಿಕ್ ಆಮ್ಲಗಳೂ ಆ ಎಣ್ಣೆಯಲ್ಲಿವೆ. ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಆಲಿವ್ ಎಣ್ಣೆಯಾಗಿದ್ದರೂ ಫಲ ಇದೇ ಆಗುತ್ತಿತ್ತು, ಇನ್ನೂ ಜೋರಾಗಿ. ಸೋರುವ ನಾಳಕ್ಕೆ ಬೇಕಾದ್ದು ಸರಪಳಿಯ ಉದ್ದದ ಲೆಕ್ಕ.

ಇದೇ ತರ್ಕ ಇನ್ನೊಂದು ಕಡೆ ಉಪಯೋಗಕ್ಕೆ ಬಂತು. ಅಂದೇ ಬಾಯಿಯ ಊಟ ಪೂರ್ತಿ ನಿಲ್ಲಿಸಿ ರಕ್ತನಾಳದ ಮೂಲಕ ಪೋಷಣೆ ಶುರು ಮಾಡಿದಾಗ, ಅದರಲ್ಲಿದ್ದ ಹಾಲುಬಿಳುಪಿನ ಕೊಬ್ಬಿನ ಚೀಲ ನೋಡಿ ನರ್ಸ್ ಕೈ ತಡೆದರು. ಕೊಬ್ಬು ಕೊಡಬಾರದು ಅಂದಿರಲ್ಲ? ಆ ಕೊಬ್ಬು ಕರುಳನ್ನು ಮುಟ್ಟದೆ ನೇರವಾಗಿ ರಕ್ತಕ್ಕೆ ಹೋಗುತ್ತದೆ, ದುಗ್ಧನಾಳದ ತಂಟೆಗೇ ಹೋಗುವುದಿಲ್ಲ. ಧಾರಾಳವಾಗಿ ಕೊಡಬಹುದು. ಅವರು ತಡೆದು ಕೇಳಿದ್ದು ನನಗೆ ಇಷ್ಟವಾಯಿತು.

ಜತೆಗೆ ಆಕ್ಟ್ರಿಯೋಟೈಡ್ 100 ಮೈಕ್ರೋಗ್ರಾಂ, ದಿನಕ್ಕೆ ಮೂರು ಬಾರಿ, ಚರ್ಮದಡಿಗೆ. ಕರುಳಿನ ಸ್ರಾವವನ್ನೂ ಅತ್ತಣ ರಕ್ತದ ಹರಿವನ್ನೂ ತಗ್ಗಿಸಿ ಕೈಲ್ ಉತ್ಪತ್ತಿಯನ್ನು ಕಡಿಮೆ ಮಾಡುವ ಔಷಧ.

ಬಾಟಲಿಯಲ್ಲಿ ಕಾಣದ್ದು

ಏಳನೇ ದಿನ ಸೋರಿಕೆ 240ಕ್ಕೆ ಇಳಿದಿದ್ದರೂ ನನ್ನ ಕಣ್ಣು ಹೋದದ್ದು ರಕ್ತ ಪರೀಕ್ಷೆಯ ಕಡೆ. ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ 4.1ರಿಂದ 3.1ಕ್ಕೆ, ಸೋಡಿಯಂ 131ಕ್ಕೆ ಇಳಿದಿತ್ತು. ಲಿಂಫೋಸೈಟುಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಆಪರೇಷನ್ನಿಗೆ ಮುಂಚೆ 2,100 ಇದ್ದದ್ದು 900ಕ್ಕೆ ಬಂದಿತ್ತು.

ಮೊದಲೆರಡು ಅರ್ಥವಾಗುವಂಥವು. ರಕ್ತದಿಂದ ಒಸರಿದ ಪ್ರೋಟೀನು ಮರಳಿ ಬರಲು ದುಗ್ಧನಾಳ ಬಿಟ್ಟು ಬೇರೆ ದಾರಿಯಿಲ್ಲ. ಆ ದಾರಿ ಬಾಟಲಿಗೆ ತಿರುಗಿದರೆ ಪ್ರೋಟೀನು ಬಾಟಲಿಗೆ, ಜತೆಗೆ ಉಪ್ಪಿನಂಶವೂ. ಮೂರನೆಯದು ಹೆಚ್ಚು ಕುತೂಹಲದ್ದು. ಡ್ರೈನಿನ ದ್ರವವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಬೆರೆತ ರಕ್ತವನ್ನು ಬಿಟ್ಟರೆ, ಕಾಣುವ ಕೋಶಗಳೆಲ್ಲ ಹೆಚ್ಚುಕಡಿಮೆ ಲಿಂಫೋಸೈಟುಗಳೇ. ಅವು ಅಲ್ಲಿ ಹುಟ್ಟಿದವಲ್ಲ, ಸಾಗುತ್ತಿರುವವು. 1950ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಜೇಮ್ಸ್ ಗವನ್ಸ್ ಇಲಿಗಳ ಥೊರಾಸಿಕ್ ಡಕ್ಟಿಗೆ ಕೊಳವೆ ಹಾಕಿ ದಿನಗಟ್ಟಲೆ ದುಗ್ಧರಸ ಹೊರಕ್ಕೆ ಬಸಿದರು. ಬರುವ ಲಿಂಫೋಸೈಟುಗಳ ಸಂಖ್ಯೆ ಕುಸಿಯುತ್ತ ಹೋಯಿತು. ಅವನ್ನು ಮತ್ತೆ ರಕ್ತಕ್ಕೆ ಚುಚ್ಚಿದಾಗ ಸಂಖ್ಯೆ ಉಳಿಯಿತು. ಅಂದರೆ ಅವೇ ಕೋಶಗಳು ರಕ್ತದಿಂದ ಲಿಂಫ್ ನೋಡಿಗೆ ಇಳಿದು, ಅಲ್ಲಿ ಬಂದುಹೋದ ಸೋಂಕಿನ ಸುದ್ದಿ ವಿಚಾರಿಸಿ, ದುಗ್ಧನಾಳದ ಮೂಲಕ ಮರಳಿ ರಕ್ತಕ್ಕೆ ಬಂದು ಸುತ್ತುತ್ತಲೇ ಇರುತ್ತವೆ. ಗಸ್ತು ತಿರುಗುವ ಪೇದೆಗಳಂತೆ. ನಮ್ಮ ರೋಗಿಯ ಪೇದೆಗಳು ಒಂದು ವಾರದಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಜಮೆಯಾಗುತ್ತಿದ್ದರು, ನಾವು ದಿನಾ ಅಳತೆ ಬರೆದುಕೊಂಡು ಸಿಂಕಿಗೆ ಸುರಿಯುತ್ತಿದ್ದೆವು.

ಲಿಂಫ್ ವ್ಯವಸ್ಥೆಯನ್ನು ದೇಹದ ಚರಂಡಿ ಎಂದು ಹೇಳಿಕೊಡುವ ಅಭ್ಯಾಸ ನನಗೆ ಹಿಡಿಸದಿರುವುದು ಇದಕ್ಕೇ. ಚರಂಡಿ ಒಡೆದರೆ ಊರು ನಾರುತ್ತದೆ, ಬಡವಾಗುವುದಿಲ್ಲ. ಇಲ್ಲಿ ಮನುಷ್ಯ ಬಡವಾಗುತ್ತಿದ್ದ.

ಆದ್ದರಿಂದ ಏಳನೇ ದಿನವೇ ಮುಂದಿನ ಗಡುವು ಹಾಕಿಕೊಂಡೆವು. ಇನ್ನು ಮೂರು ದಿನದಲ್ಲಿ ಇಳಿಯದಿದ್ದರೆ, ಅಥವಾ ಯಾವ ದಿನವಾದರೂ ಒಂದು ಲೀಟರಿನ ಕಡೆ ಏರಿದರೆ, ಕಾಯುವುದು ಸಾಕು. ತೊಡೆಸಂದಿಯ ಲಿಂಫ್ ನೋಡಿಗೆ ಸೂಜಿ ಹಾಕಿ ಎಣ್ಣೆಯಂಥ ಎಕ್ಸ್‌ರೇ ಬಣ್ಣ ಬಿಟ್ಟು, ಅದು ಏರುವುದನ್ನು ನೋಡಿ ತೂತು ಹುಡುಕುವುದು. ಆಗುವುದಾದರೆ ಹೊಟ್ಟೆಯ ಮೂಲಕ ನಾಳಕ್ಕೆ ತೂರಿ ಒಳಗಿಂದಲೇ ಮುಚ್ಚುವುದು. ಆ ಬಣ್ಣವೇ ಕೆಲವೊಮ್ಮೆ ಅಂಟಿನಂತೆ ಕೂತು ಸೋರಿಕೆ ನಿಲ್ಲಿಸಿಬಿಡುತ್ತದೆ. ಅದೂ ಆಗದಿದ್ದರೆ ಗಾಯ ಮತ್ತೆ ತೆರೆದು ನಾಳ ಕಟ್ಟುವುದು. ಕಟ್ಟಿದರೆ ಇಡೀ ದೇಹದ ದುಗ್ಧರಸ ನಿಂತುಹೋಗುವುದಿಲ್ಲವೇ ಎಂದು ಮಗ ಕೇಳಿದ. ನಿಲ್ಲುವುದಿಲ್ಲ. ಎದೆಯಲ್ಲಿ ಅಡ್ಡದಾರಿಗಳು ಬೇಕಾದಷ್ಟಿವೆ, ಅಭಿಧಮನಿಗಳಿಗೆ ಬೇರೆ ಕಿರುಬಾಗಿಲುಗಳೂ ಇವೆ. ಮುಖ್ಯರಸ್ತೆ ಮುಚ್ಚಿದರೆ ಅವು ಅಗಲವಾಗುತ್ತವೆ. ಕುತ್ತಿಗೆ ತೆರೆಯುವ ಮುನ್ನ ರೋಗಿಗೆ ಬೇಕೆಂದೇ ಕೆನೆ ಕುಡಿಸುವ ಪದ್ಧತಿಯೂ ಇದೆ, ತೂತು ಬೆಳ್ಳಗೆ ಕಾಣಲಿ ಎಂದು. ಅಸೆಲ್ಲಿಗೆ ಆ ನಾಯಿಯ ಊಟ ಕಲಿಸಿಕೊಟ್ಟದ್ದು ಇವತ್ತಿಗೂ ನಡೆದುಬಂದಿದೆ.

ಯಾವುದೂ ಬೇಕಾಗಲಿಲ್ಲ. ಎಂಟನೇ ದಿನ 130, ಒಂಬತ್ತಕ್ಕೆ 60, ಹತ್ತಕ್ಕೆ 25. ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಅಂಟಿಕೊಂಡು ತೂತನ್ನು ಮುಚ್ಚಿತ್ತು.

ಡ್ರೈನನ್ನು ಆಗಲೂ ತೆಗೆಯಲಿಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ರೋಗಿಯ ಮುಂದೆ ಬೆಣ್ಣೆ ಬಳಿದ ಬ್ರೆಡ್ಡು ಮತ್ತು ಒಂದು ಲೋಟ ಗಟ್ಟಿ ಹಾಲು ಇಟ್ಟೆವು. ಅವರು ನಮ್ಮ ಮುಖ ನೋಡಿದರು. ಹತ್ತು ದಿನ ಬೇಡ ಬೇಡ ಅಂದದ್ದನ್ನೇ ತಿನ್ನಿ ಅನ್ನುತ್ತಿದ್ದೀರಲ್ಲ ಎಂಬ ಮುಖಭಾವ. ತಿಂದರು. ಸಂಜೆ ಐದಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಮರುದಿನ ಬೆಳಗ್ಗೆ ಆರಕ್ಕೆ ಅದೇ ನರ್ಸ್ ಫೋನ್ ಮಾಡಿದರು. "15 ಎಂಎಲ್ ಡಾಕ್ಟ್ರೇ. ತಿಳಿ."